ಹಿಟ್ಟಿನ ಹೆಣ

ಮಾಳಪ್ಪ ಕಳ್ಳನಾದದ್ದು ಸತ್ತ ಮೇಲೆ.

ಬದುಕಿದ್ದಾಗ ಅವನು ಸೆಂಟ್ರಿಂಗ್ ಕೆಲಸದವನು. ಜೇವರ್ಗಿ ಕಡೆಯ ಹಳ್ಳಿಯಿಂದ ಹೆಂಡತಿ ಚನಬಸವ್ವ, ಮಗಳು ಪ್ರಿಯಾ ಇಬ್ಬರನ್ನೂ ಕರೆದುಕೊಂಡು ನಾಸಿಕಕ್ಕೆ ದುಡಿಯಲು ಬಂದವನು. ಹಲಗೆ ಹೊಡೆಯುವುದು, ಕೆಳಗೆ ಕಂಬ ಆನಿಸುವುದು, ಮೇಲೆ ಸುರಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಅದೇ ಹಲಗೆ ಬಿಚ್ಚಿ ಇನ್ನೊಂದು ಮಾಳಿಗೆಗೆ ಹೊರುವುದು. ಹಲಗೆಯ ಅಂಚು ಕೂತು ಕೂತು ಅವನ ಬಲ ಹೆಗಲಿನ ಮೇಲೆ ಬೆಲ್ಲದ ಉಂಡೆಯಷ್ಟು ದೊಡ್ಡ ಗಂಟು ಎದ್ದಿತ್ತು. ಅವನಿಗೊಂದು ರೂಢಿ. ಯಾವ ಹಲಗೆಯ ಮೇಲೂ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದು ನೋಡದೆ ಕಾಲಿಡುತ್ತಿರಲಿಲ್ಲ. ಜೊತೆಯವರು ನಗುತ್ತಿದ್ದರು. "ಬಾಗಲಾ ಬಡದು ಒಳಗ ಹೋಗ್ಲಿಕ್ಕ ಇದೇನ್ ನಿನ್ನ ಬೀಗರ ಮನಿ ಏನಲೇ?" ಎನ್ನುತ್ತಿದ್ದರು.

ಗಂಗಾಪುರ ರೋಡಿನಲ್ಲಿ ಹದಿನಾರು ಮಾಳಿಗೆಯ ಬಿಳಿ ಟವರು ಏಳುತ್ತಿತ್ತು. ಒಂಬತ್ತನೆಯ ಮಾಳಿಗೆಯಲ್ಲಿ ಲಿಫ್ಟಿನ ಬಾವಿಗೆ ಮುಚ್ಚಿದ್ದ ಹಲಗೆಯನ್ನು ಕೂಲಿಯಾಳುಗಳ ಮೇಸ್ತ್ರಿ, ಮುಕಾದಮ ಶ್ರೀಮಂತ ಎಂಬುವನು ಆ ಬೆಳಿಗ್ಗೆ ಎತ್ತಿಸಿದ್ದ. ಮೇಲಿನ ಮಾಳಿಗೆಗೆ ಹಲಗೆ ಕಡಿಮೆ ಬಿದ್ದಿತ್ತು. ಹೊಸ ಹಲಗೆ ತರಿಸಿದರೆ ಖರ್ಚು. ಬಾವಿಯ ಸುತ್ತ ಬೇಲಿ ಕಟ್ಟಿಸಿದರೆ ಖರ್ಚು. ಮನುಷ್ಯ ಬಿದ್ದರೆ ಖರ್ಚಿಲ್ಲ. ಮಾಳಪ್ಪ ಉದ್ದನೆಯ ಕಂಬದ ಒಂದು ತುದಿ ಹೊತ್ತು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ. ಬೆನ್ನ ಹಿಂದೆ ಬಡಿದು ನೋಡಲು ಆಗುವುದಿಲ್ಲವಲ್ಲ. ಹಿಂದೆ ನೆಲವಿರಲಿಲ್ಲ.

ಚನಬಸವ್ವ ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದಳು. ಸದ್ದು ಕೇಳಿತು. ಸಿಮೆಂಟಿನ ಚೀಲ ಬಿದ್ದಿರಬೇಕು ಎಂದುಕೊಂಡಳು. ಆಮೇಲೆ ಗಂಡಸರು ಓಡಿದ್ದು ಕಂಡಿತು. ಅವಳೂ ಓಡಿದಳು. ಬಾವಿಯ ಬಾಯಿಗೆ ಹೋಗುವ ಮೊದಲೇ ಶ್ರೀಮಂತ ಅವಳ ರಟ್ಟೆ ಹಿಡಿದ.

"ಮಾಳಪ್ಪಗ ಪೆಟ್ಟಾಗ್ಯಾದ. ದವಾಖಾನಿಗಿ ಒಯ್ಲಕತ್ತಾರ. ನೀ ಮಗಳನ್ನ ಕರ್ಕೊಂಡು ಟೆಂಪೋದಾಗ ಕೂಡು. ಲಗೂ."

ಶ್ರೀಮಂತ ಅವರದೇ ತಾಲೂಕಿನವನು. ಅವರದೇ ಮಾತು. ನಂಬಿದಳು. ಟೆಂಪೋದಲ್ಲಿ ಕೂತ ಮೇಲೆ ಅವಳ ಕೊಡ, ಹಾಸಿಗೆ, ರೊಟ್ಟಿ ಹಂಚು ಎಲ್ಲವನ್ನೂ ಯಾರೋ ಒಳಗೆ ಎಸೆದರು. ದವಾಖಾನೆಗೆ ಹಂಚು ಯಾಕೆ ಎಂದು ಅವಳು ಕೇಳಲಿಲ್ಲ. ಆ ಹೊತ್ತಿಗೆ ಕೇಳಲು ಹೊಳೆಯಲಿಲ್ಲ. ಅದನ್ನು ನೆನೆದು ಈಗಲೂ ಅವಳು ತಲೆ ಚಚ್ಚಿಕೊಳ್ಳುತ್ತಾಳೆ. ಟೆಂಪೋ ನಿಫಾಡ ದಾಟಿತು. ಯೇವಲಾ ದಾಟಿತು. ವೈಜಾಪುರ ದಾಟಿತು. ಸಂಜೆಗೆ ಛತ್ರಪತಿ ಸಂಭಾಜಿನಗರದ ಹೊರಗೆ, ವಾಳುಜ್ ಕಡೆಯ ಇನ್ನೊಂದು ಸೈಟಿನಲ್ಲಿ ನಿಂತಿತು. ಅಲ್ಲಿಯೂ ಅದೇ ಮರಳು, ಅದೇ ಬುಟ್ಟಿ.

"ಐಸಿಯುದಾಗ ಅದಾನ. ಹೆಂಗಸರಿಗಿ ಒಳಗ ಬಿಡಂಗಿಲ್ಲ. ಆರಾಮ ಆದ ಮ್ಯಾಲ ನಾನs ಕರ್ಕೊಂಡ್ ಬರ್ತೀನಿ," ಎಂದು ಶ್ರೀಮಂತ ಫೋನಿನಲ್ಲಿ ಹೇಳುತ್ತಲೇ ಇದ್ದ. ಅವನು ಹಾಗೆ ಹೇಳುತ್ತಿದ್ದಾಗ ಮಾಳಪ್ಪ ನಾಸಿಕದಲ್ಲಿ ಹೆಣಗಳ ಐಸ್ ಪೆಟ್ಟಿಗೆಯಲ್ಲಿ ಮಲಗಿದ್ದ. ಅವಳು ಬುಟ್ಟಿ ಹೊರುತ್ತಿದ್ದಳು. ಗಂಡನ ದವಾಖಾನೆ ಖರ್ಚು ಟವರು ಕಟ್ಟಿಸುವ ಸೇಠ್ ನೋಡಿಕೊಳ್ಳುತ್ತಿದ್ದಾನೆ, ಋಣ ತೀರಲಿ ಎಂದು ಒಂದು ಬುಟ್ಟಿ ಹೆಚ್ಚೇ ಹೊರುತ್ತಿದ್ದಳು.

ಹಳೆಯ ಸೈಟಿನ ದಾನಮ್ಮ ಕದ್ದು ಫೋನು ಮಾಡಿದ ಮೇಲೆ ನಿಜ ಗೊತ್ತಾಯಿತು. ಪೊಲೀಸರು ಬಂದಾಗ ಶ್ರೀಮಂತ ಹೇಳಿದ್ದು ಇಷ್ಟು. ಇವನು ನಮ್ಮ ಕೆಲಸದವನಲ್ಲ. ಯಾರೋ ಗೊತ್ತಿಲ್ಲ. ಕಬ್ಬಿಣದ ಸಳಿ ಕದಿಯಲು ನುಗ್ಗಿದವನು, ಓಡುವಾಗ ಬಿದ್ದ. ವಾರಸುದಾರರು ಯಾರೂ ಬರಲಿಲ್ಲ. ನಗರಪಾಲಿಕೆಯವರು ಸುಟ್ಟುಬಿಟ್ಟರು.

ಹಣ ಎಂದರೆ ಹೆಣವೂ ಬಾಯಿ ಬಿಡುತ್ತದೆ ಎನ್ನುತ್ತಾರೆ. ಇಲ್ಲಿ ಹಣ ಹೆಣದ ಬಾಯಿಯನ್ನೇ ಮುಚ್ಚಿತು.

ಚನಬಸವ್ವ ನಾಸಿಕಕ್ಕೆ ಬಂದಳು. ಠಾಣೆಯ ಮೆಟ್ಟಿಲ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಳು. ನಿನ್ನ ಗಂಡ ಅಲ್ಲಿ ಕೆಲಸಕ್ಕಿದ್ದ ಎನ್ನುವುದಕ್ಕೆ ಏನಿದೆ ಎಂದರು. ಅವಳ ಬಳಿ ಏನಿತ್ತು? ಹದಿನಾರು ಮಾಳಿಗೆಯ ಕಟ್ಟಡವಿತ್ತು. ಅದು ಸಾಕ್ಷಿಯಲ್ಲವಂತೆ. ಸೇಠ್‌ನ ಆಫೀಸಿಗೆ ಹೋದಳು. ಗಾಜಿನ ಬಾಗಿಲ ಆಚೆಯಿಂದ ಅವನ ಮಗ ಉತ್ಕರ್ಷ ಬಂದ. ಹುಡುಗ ಒಳ್ಳೆಯ ಸೆಂಟು ಪೂಸಿಕೊಂಡಿದ್ದ. "ಮಾಳಪ್ಪ ಅನ್ನುವ ಮನುಷ್ಯನೇ ನಮ್ಮಲ್ಲಿ ಇರಲಿಲ್ಲ," ಎಂದು ಹಿಂದಿಯಲ್ಲಿ ಹೇಳಿದ. ಅವಳು ಕೂತೆದ್ದ ಕುರ್ಚಿಯನ್ನು ಅವಳ ಎದುರೇ ಬಟ್ಟೆಯಿಂದ ಒರೆಸಿಸಿದ.

ಅವಳಿಗೆ ಬೇಕಿದ್ದದ್ದು ಒಂದೇ. ಗಂಡ ಕಳ್ಳನಲ್ಲ, ಈ ಮನೆ ಕಟ್ಟುತ್ತಾ ಸತ್ತ ಎಂದು ಅವರ ಬಾಯಿಂದ ಬರಬೇಕು. ಬಡವನ ಹತ್ತಿರ ಸತ್ತ ಮೇಲೆ ಉಳಿಯುವುದು ಹೆಸರೊಂದೇ. ಅದನ್ನೂ ಇವರು ಕದ್ದರು. ಕದ್ದವರು ಇವರು, ಕಳ್ಳ ಅವನು.

ಟವರು ಮುಗಿಯಿತು. ಜನ ಬಂದು ತುಂಬಿದರು. ಕಸ ಗುಡಿಸುವ ಕಂಪನಿಯೊಂದು ಹೆಂಗಸರನ್ನು ಹುಡುಕುತ್ತಿದೆ ಎಂದು ತಿಳಿದಾಗ ಚನಬಸವ್ವ ಹೋಗಿ ಸೇರಿದಳು. ಯಾರೂ ಗುರುತು ಹಿಡಿಯಲಿಲ್ಲ. ನೀಲಿ ಕೋಟು ಹಾಕಿ ಕೈಗೆ ಪೊರಕೆ ಕೊಟ್ಟರೆ ಹೆಂಗಸಿಗೆ ಮುಖವೇ ಇರುವುದಿಲ್ಲ. ಮಗಳು ಪ್ರಿಯಾ ಆಗ ಕಾಲೇಜು ಸೇರಿದ್ದಳು. ಅಪ್ಪ ಬಿದ್ದ ಜಾಗದಲ್ಲೇ ಅವ್ವ ಕಸ ಹೊಡೆಯುವುದು ಅವಳಿಗೆ ತಡೆಯಲಾಗಲಿಲ್ಲ.

"ಅವ್ವ, ದುಸ್ರಾ ಕಾಮ್ ಇಲ್ಲಾ ಏನು? ಅಲ್ಲೇ ಯಾಕ?" ಎಂದು ಅತ್ತಳು. ಅವಳ ಕನ್ನಡ ಅಷ್ಟೇ. ಅರ್ಧಕ್ಕೆ ಬಂದು ಮರಾಠಿಗೆ ಹೊರಳುತ್ತಿತ್ತು.

"ನಿಮ್ಮಪ್ಪಗ ಮಣ್ಣ ಕೊಟ್ಟಿಲ್ಲವ್ವಾ. ಗೋರಿ ಇಲ್ಲ. ನಾ ಎಲ್ಲಿ ಹೋಗಿ ಕೂಡ್ಲಿ?"

ಅವರ ಜನ ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಬಂಧುಬಳಗವೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಆಮೇಲೆ ಅಮಾವಾಸ್ಯೆಗೆ ಗೋರಿಯ ಮುಂದೆ ಎಡೆ ಇಡುತ್ತಾರೆ. ಸತ್ತವನಿಗೆ ಏನು ಇಷ್ಟವೋ ಅದು. ಮಾಳಪ್ಪನ ಬೂದಿಯನ್ನು ಯಾವ ಪೌರಕಾರ್ಮಿಕ ಯಾವ ಗಟಾರಕ್ಕೆ ಗುಡಿಸಿದನೋ ಯಾರಿಗೆ ಗೊತ್ತು. ಉಳಿದದ್ದು ಅವನು ಬಿದ್ದ ಬಾವಿ. ಅದರೊಳಗೆ ಈಗ ಕನ್ನಡಿ ಗೋಡೆಯ ಲಿಫ್ಟು ಓಡಾಡುತ್ತಿತ್ತು. ಆ ಲಿಫ್ಟು ಮಾಲೀಕರಿಗೆ ಮಾತ್ರ. ಕೆಲಸದವರು ಹಿಂದಿನ ಸಾಮಾನಿನ ಲಿಫ್ಟಿನಲ್ಲಿ ಹೋಗಬೇಕೆಂದು ಬೋರ್ಡು ಹಾಕಿದ್ದರು. ಗಂಡನ ಪ್ರಾಣ ತಿಂದ ಬಾವಿಯೊಳಗೆ ಕಾಲಿಡುವ ಹಕ್ಕು ಅವಳಿಗಿರಲಿಲ್ಲ. ಅದರ ಬಾಗಿಲು ಒರೆಸುವ ಹಕ್ಕಿತ್ತು.

ಹಾಗಾಗಿ ಅಮಾವಾಸ್ಯೆ ಬಂದರೆ ಬೆಳಗಿನ ಜಾವ, ಯಾರೂ ಏಳುವ ಮೊದಲು, ಒಂಬತ್ತನೆಯ ಮಾಳಿಗೆಯ ಲಿಫ್ಟಿನ ಬಾಗಿಲ ಮುಂದೆ ಅವಳು ಎಡೆ ಇಡುತ್ತಿದ್ದಳು. ಒಂದು ಜೋಳದ ರೊಟ್ಟಿ. ಶೇಂಗಾ ಹಿಂಡಿ. ಜಜ್ಜಿದ ಉಳ್ಳಾಗಡ್ಡಿ. ಒಂದು ಬೀಡಿ. ನೆಲಕ್ಕೆ ಒಂದೆಳೆ ವಿಭೂತಿ. ಸ್ವಲ್ಪ ಹೊತ್ತು ಕೂತಿರುತ್ತಿದ್ದಳು. ಬಾಗಿಲ ಸೀಳಿನಿಂದ ತಣ್ಣನೆ ಗಾಳಿ ಬಂದು ಕಾಲ್ಬೆರಳು ಮುಟ್ಟುತ್ತಿತ್ತು. ಹಸಿ ಸಿಮೆಂಟಿನ ವಾಸನೆ. ಆಮೇಲೆ ಒಳಗೆಲ್ಲೋ ಆಳದಲ್ಲಿ, ಟಕ್ ಟಕ್.

ಲಿಫ್ಟಿನ ಹಗ್ಗ ಗೋಡೆಗೆ ಬಡಿಯುತ್ತದೆ ಎಂದು ರಿಪೇರಿಯವನು ಹೇಳಿದ. ಆಗಿರಬಹುದು. ಚನಬಸವ್ವನ ಮೈ ಮಾತ್ರ ಅದನ್ನು ಒಪ್ಪಲಿಲ್ಲ. ಹದಿನೆಂಟು ವರ್ಷ ಪಕ್ಕದಲ್ಲಿ ಮಲಗಿದವನ ಸುತ್ತಿಗೆಯ ಸದ್ದು ಅವಳಿಗೆ ಗೊತ್ತಿಲ್ಲವೇ. ಅವನು ಅಲ್ಲಿ ಕತ್ತಲಲ್ಲಿ ನಿಂತು ಹಲಗೆ ಬಡಿದು ನೋಡುತ್ತಿದ್ದಾನೆ. ಗಟ್ಟಿ ನೆಲ ಎಲ್ಲಿದೆ ಎಂದು ಹುಡುಕುತ್ತಿದ್ದಾನೆ. ಅವಳು ಅಳುತ್ತಿರಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿ, "ಇಲ್ಲೇ ಇದ್ದೀನಿ, ನೀ ಉಣ್ಣು," ಎನ್ನುತ್ತಿದ್ದಳು.

ಎಡೆಯನ್ನು ತೆಗೆಯಬಾರದು. ಹಕ್ಕಿಯೋ ನಾಯಿಯೋ ತಿನ್ನಬೇಕು. ಊರಿನಲ್ಲಿ ಅದೇ ಪದ್ಧತಿ. ಕಸ ಹೊಡೆಯುವವಳೇ ಆ ಒಂದು ಜಾಗದ ಕಸವನ್ನು ಬಿಟ್ಟು ಹೋಗುತ್ತಿದ್ದಳು. ಅವಳಿಗೆ ಅದು ಗಂಡನ ಊಟ. ಆದರೆ ಬಾಗಿಲು ತೆರೆದ ದೊಡ್ಡ ಮಂದಿಗೆ ಕಂಡದ್ದು ಬೂದಿ, ರೊಟ್ಟಿ, ಬೀಡಿ. ಒಂಬತ್ತನೆಯ ಮಾಳಿಗೆಯಲ್ಲಿ ತನ್ಮಯ ಎಂಬ ದ್ರಾಕ್ಷಿ ವ್ಯಾಪಾರಿ ಇದ್ದ. ಪಿಂಪಳಗಾಂವ್ ಕಡೆಯಿಂದ ಹಡಗು ತುಂಬ ದ್ರಾಕ್ಷಿ ಪರದೇಶಕ್ಕೆ ಕಳಿಸುವವನು. ಅವನ ಹೆಂಡತಿ ಆ ಎಡೆ ನೋಡಿ ಚೀರಿದಳು. ಕರಣಿ, ಭಾನಾಮತಿ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಗುಲ್ಲೆದ್ದಿತು. ಲಿಫ್ಟು ಯಾರೂ ಒತ್ತದೆ ಒಂಬತ್ತಕ್ಕೆ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಯಾರೂ ಇರುವುದಿಲ್ಲ ಎಂದರು ಕೆಲವರು. ಕಟ್ಟುವಾಗ ಒಬ್ಬ ಬಿದ್ದು ಸತ್ತಿದ್ದನಂತೆ ಎಂದರು ಇನ್ನು ಕೆಲವರು. ತನ್ಮಯ ಮನೆ ವಾಪಸು ತಗೋ ಎಂದು ಸೇಠ್‌ನ ಬೆನ್ನು ಹತ್ತಿದ. ಮಾರಾಟವಾಗದೆ ಉಳಿದ ಮೇಲಿನ ಮನೆಗಳನ್ನು ನೋಡಲೂ ಯಾರೂ ಬರದಂತಾಯಿತು.

ನಗು ಬರುತ್ತದೆ. ಮನುಷ್ಯ ಸತ್ತಾಗ ಯಾರೂ ಹೆದರಲಿಲ್ಲ. ಅವನ ರೊಟ್ಟಿಗೆ ಹೆದರಿದರು.

ಪ್ರಿಯಾ ಹೆದರಿದ್ದು ಬೇರೆ ಕಾರಣಕ್ಕೆ. ಪ್ರತಿ ಮಾಳಿಗೆಗೂ ಕ್ಯಾಮೆರಾ ಹಾಕುತ್ತಾರಂತೆ, ಮಾಟದವರಿಗೆ ಜೈಲಂತೆ. "ಪಕಡಲೀ ಗೇಲೀಸ್ ತರ್, ಅವ್ವ?" ಸಿಕ್ಕಿಬಿದ್ದರೆ ಏನು ಗತಿ ಎಂದು ತಾಯಿಯ ಸೆರಗು ಹಿಡಿದು ಕೇಳಿದಳು.

"ಉಣ್ಣಾಕ ಇಟ್ರ ಮಾಟ ಹೆಂಗಾಗ್ತದವ್ವಾ?" ಎಂದಳು ಚನಬಸವ್ವ. ಆದರೆ ಅವಳಿಗೂ ಭಯವಿತ್ತು. ಗಂಡ ಕಳ್ಳನಾದ. ಇನ್ನು ಹೆಂಡತಿ ಮಾಟಗಾತಿಯಾಗುವುದೊಂದು ಬಾಕಿ.

ಪೊಲೀಸರು ಬರಲಿಲ್ಲ. ಶ್ರೀಮಂತ ಬಂದ.

ಭಾನುವಾರ ಮಧ್ಯಾಹ್ನ ಅವಳ ತಗಡಿನ ಮನೆಯ ಮುಂದೆ ಬೊಲೆರೋ ನಿಂತಿತು. ಮುಕಾದಮ ದಪ್ಪಗಾಗಿದ್ದ. ಕೊರಳಲ್ಲಿ ಚಿನ್ನದ ಸರ. ಸಂಭಾಜಿನಗರವೆಲ್ಲ ಹುಡುಕಿ, ದಾನಮ್ಮನನ್ನು ಗದರಿಸಿ ವಿಳಾಸ ತಗೊಂಡು ಬಂದಿದ್ದ. ಅವಳು ಅದೇ ಟವರಿನಲ್ಲಿ ಕಸ ಹೊಡೆಯುವುದು ಅವನಿಗೆ ತಿಳಿದಿರಲಿಲ್ಲ.

"ಚನಬಸವ್ವಾ, ಛಲೋ ಇದ್ದೀ?"

"ನೀವ್ ಇಟ್ಟಂಗ ಇದ್ದೀನ್ರಿ."

ಅವನು ಬೋರಲು ಹಾಕಿದ ಬಕೆಟಿನ ಮೇಲೆ ಕೂತ. ಬೆವರು ಒರೆಸಿಕೊಂಡ. "ಸೇಠ್ ನಿನ್ನ ಕರ್ಕೊಂಡ್ ಬಾ ಅಂದಾರ. ತ್ರ್ಯಂಬಕೇಶ್ವರದಾಗ ಒಂದು ಪೂಜಾ ಅದ. ಮಾಳಪ್ಪನ ಹೆಸರಿಲೆ."

"ಯಾವ ಮಾಳಪ್ಪರಿ?"

"ಹಂಗ್ಯಾಕ ಮಾತಾಡ್ತೀ. ನಿನ್ನ ಗಂಡ."

"ಅಂಥಾ ಮನಶಾನೇ ಇದ್ದಿಲ್ಲ ಅಂದಿದ್ರಲ್ಲ ಅವ್ರು? ನೀವೂ ಗುರ್ತಿಲ್ಲ ಅಂದಿದ್ರಿ. ಇಲ್ಲದಾವ ದೆವ್ವ ಹೆಂಗಾದ್ನರಿ?"

ಶ್ರೀಮಂತ ನಡೆದದ್ದನ್ನು ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ತ್ರ್ಯಂಬಕದ ಭಟ್ಟರು, ನಿಮ್ಮ ಜಾಗದಲ್ಲಿ ಅಕಾಲ ಸಾವು ಆಗಿದೆಯೇ ಎಂದು ಕೇಳಿದ ಕೂಡಲೇ ಸೇಠ್ ಹೌದು ಎಂದಿದ್ದನಂತೆ. ಠಾಣೆಯಲ್ಲಿ ಇಲ್ಲ ಎಂದ ಬಾಯಿ ದೇವರ ಮುಂದೆ ತಾನಾಗಿ ಹೌದೆಂದಿತು. ಪೂಜೆಗೆ ಸೇಠ್ ಕೂರುತ್ತಾನೆ. ಆದರೆ ಸತ್ತವನ ಸ್ವಂತದವರು ಬಂದು ನೀರು ಬಿಟ್ಟು, ಹೋಗು ಎಂದು ಹೇಳಿದರೆ ಮಾತ್ರ ಅವನು ಜಾಗ ಬಿಟ್ಟು ಹೋಗುತ್ತಾನೆ ಎಂದಿದ್ದರಂತೆ ಭಟ್ಟರು.

"ನಿನಗ ಒಂದು ಮನಿ ಕೊಡಸ್ತಾರ. ಹುಡುಗಿ ಕಾಲೇಜ್ ನೋಡ್ಕೋತಾರ. ನೀ ಒಂದು ಮಾತು ಹೇಳಿದ್ರ ಸಾಕು."

"ಅವ ಕಳ್ಳ ಅಲ್ಲ ಅಂತ ಠಾಣ್ಯಾಗ ಹೇಳ್ತಾರೇನ್ರಿ?"

"ಅದು ಸರಕಾರದ ಕೆಲಸ. ಅದರಾಗ ಕೈ ಹಾಕಬ್ಯಾಡ. ಇದು ದೇವರ ಕೆಲಸ."

ಹಾಗೆ ಎರಡಾಗಿ ಸೀಳಿಟ್ಟುಕೊಂಡಿದ್ದರು. ಸರಕಾರದ ಎದುರು ಮಾಳಪ್ಪ ಇಲ್ಲ. ದೇವರ ಎದುರು ಇದ್ದಾನೆ. ಎರಡೂ ಕಡೆ ಲಾಭ ಸೇಠ್‌ಗೆ.

ಬರುವುದಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಆಮೇಲೆ ಒಂದು ಮಾತು ಕೇಳಿದಳು. "ಪೂಜಾದಾಗ ಸೇಠ್ ಏನಂತ ಹೇಳಬೇಕಾಗ್ತದರಿ?"

"ಹೆಸರು ಹೇಳಬೇಕು. ಎಲ್ಲಿ ಸತ್ತ, ಹೆಂಗ ಸತ್ತ ಹೇಳಬೇಕು. ಬಾಯಿ ಬಿಟ್ಟು ಹೇಳಬೇಕಂತ."

"ಹಂಗಾರ ಬರ್ತೀನ್ರಿ," ಎಂದಳು ಚನಬಸವ್ವ.

ತ್ರ್ಯಂಬಕದಲ್ಲಿ ಬೆಟ್ಟದ ನೆತ್ತಿಗೆ ಮೋಡ ಕೂತಿತ್ತು. ಊರ ತುಂಬ ಪೂಜೆಗೆ ಬಂದ ಜನ. ಒಂದೇ ಬಣ್ಣದ ಹೊಸ ಸೀರೆಯ ಹೆಂಗಸರು, ಹೊಸ ಧೋತರದ ಗಂಡಸರು, ಲಾಡ್ಜಿನ ಹುಡುಗರು, ಜೀಪಿನವರ ಕೂಗಾಟ. ಸೇಠ್ ಹೊಳೆಯ ದಂಡೆಯ ಸ್ಮಶಾನದ ಬಳಿ ಚಾಪೆಯ ಮೇಲೆ ಕೂತಿದ್ದ. ಚನಬಸವ್ವ ಮೊದಲು ಗುರುತಿಸಲಿಲ್ಲ. ತಲೆ ಬೋಳಿಸಿದ್ದ. ಮೀಸೆ ತೆಗೆಸಿದ್ದ. ಬಿಳಿ ಧೋತರ ಉಟ್ಟು ಬರಿ ಮೈಯಲ್ಲಿ ನಡುಗುತ್ತಿದ್ದ. ತಂದೆ ಸತ್ತ ಮಗನ ಹಾಗೆ ಕಾಣುತ್ತಿದ್ದ. ಇರಲೇ ಇಲ್ಲದ ಕೂಲಿಯವನಿಗಾಗಿ ಹದಿನಾರು ಮಾಳಿಗೆಯ ಧಣಿ ಮಂಡೆ ಬೋಳಿಸಿಕೊಂಡಿದ್ದ.

ಉತ್ಕರ್ಷ ಅವಳನ್ನು ನೋಡಿ ದೂರ ಕೈ ತೋರಿಸಿದ. "ಅಲ್ಲಿ ಕೂರಿಸಿ. ಕರೆದಾಗ ಬರಲಿ." ಚನಬಸವ್ವ ಮತ್ತು ಪ್ರಿಯಾ ಒದ್ದೆ ಕಲ್ಲಿನ ಮೇಲೆ ಕೂತರು. ಒಂದು ಲೋಟ ನೀರು ಬೇಕೇ ಎಂದು ಯಾರೂ ಕೇಳಲಿಲ್ಲ.

ಭಟ್ಟರು ವಯಸ್ಸಾದವರು, ತಮ್ಮ ಕೆಲಸ ತಾವು ಮಾಡುವವರು. ಗೋಧಿ ಹಿಟ್ಟು ಕಲಸಿ ಒಂದು ಗೊಂಬೆ ಮಾಡಿದರು. ಮೊಳದುದ್ದ. ತಲೆ, ಕೈ, ಕಾಲು. ಕಣ್ಣಿನ ಜಾಗದಲ್ಲಿ ಬೆರಳಿಂದ ಒತ್ತಿದ ಕುಳಿ. ಅದನ್ನು ಎಲೆಯ ಮೇಲೆ ಅಂಗಾತ ಮಲಗಿಸಿದರು. ಇದೇ ಆ ಸತ್ತವನ ದೇಹ ಎಂದರು. ಇದಕ್ಕೆ ಸಂಸ್ಕಾರ ಮಾಡಿ ಬೆಂಕಿ ಕೊಡುವುದು, ಅಲ್ಲಿಗೆ ಅವನು ಮುಕ್ತ.

ಆಮೇಲೆ ಸೇಠ್‌ಗೆ ಹೇಳಿದರು. "ಹೇಳಿ. ನಿಮ್ಮ ಬಾಯಿಂದ."

ಸೇಠ್ ಸುತ್ತ ನೋಡಿದ. ಬಾಯಲ್ಲೇ ಗುನುಗಿದ.

"ಕೇಳಬೇಕು," ಎಂದರು ಭಟ್ಟರು. "ಅವನಿಗೆ ಕೇಳಬೇಕು."

ಸೇಠ್ ಕೆಮ್ಮಿದ. ಆಮೇಲೆ ಸ್ಪಷ್ಟವಾಗಿ ಹೇಳಿದ. "ಮಾಳಪ್ಪ. ಮಾಝ್ಯಾ ಜಾಗೇತ, ಮಾಝ್ಯಾ ಕಾಮಾತ ಮೇಲಾ." ನನ್ನ ಜಾಗದಲ್ಲಿ, ನನ್ನ ಕೆಲಸದಲ್ಲಿ ಸತ್ತ.

ಪ್ರಿಯಾ ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಚನಬಸವ್ವ ಕಲ್ಲಿನ ಮೇಲಿಂದ ಎದ್ದು ನಿಂತಳು. ಬಂತು. ಆ ಬಾಯಿಂದ ಬಂತು. ಎಷ್ಟು ಸುಲಭವಾಗಿ ಬಂತು! ಅಷ್ಟು ಚಿಕ್ಕ ಮಾತು ಅದು. ಅದನ್ನು ಅಂದು ಠಾಣೆಯಲ್ಲಿ ಹೇಳಿದ್ದರೆ ಅವಳು ಗಂಡನ ಮುಖ ನೋಡುತ್ತಿದ್ದಳು. ಮಣ್ಣು ಕೊಡುತ್ತಿದ್ದಳು.

"ತಾಯಿ, ಬನ್ನಿ," ಎಂದು ಭಟ್ಟರು ಮರಾಠಿಯಲ್ಲಿ ಕರೆದರು. "ನೀರು ಬಿಡಿ. ಹೋಗು ಅನ್ನಿ."

ಶ್ರೀಮಂತ ಅವಳನ್ನು ಮುಂದೆ ತಳ್ಳಿದ. ಅವಳು ಗೊಂಬೆಯ ಮುಂದೆ ಮೊಣಕಾಲೂರಿದಳು. ನೋಡಿದಳು. ಹೆಗಲು ನುಣುಪಾಗಿತ್ತು. ಎಂದೂ ಹಲಗೆ ಹೊರದ ಹೆಗಲು. ಜೋಳ ತಿಂದು ಬದುಕಿದವನಿಗೆ ಗೋಧಿಯ ಮೈ. ಪಕ್ಕದಲ್ಲಿ ಸಣ್ಣ ಕಟ್ಟಿಗೆಗಳನ್ನು ಒಟ್ಟಿದ್ದರು. ಬೆಂಕಿಪೊಟ್ಟಣ ಉತ್ಕರ್ಷನ ಕೈಯಲ್ಲಿತ್ತು.

"ಸುಡ್ತಾರೇನ್ರಿ ಇದಕ್ಕ?" ಎಂದು ಕೇಳಿದಳು.

"ಹೂಂ. ಪದ್ಧತಿ ಅದು," ಎಂದ ಶ್ರೀಮಂತ. "ಲಗೂ ಅನ್ನು. ಹೋಗು ಅನ್ನು."

"ನಮ್ಮಾಗ ಸುಡಂಗಿಲ್ಲ."

"ಏ, ಇದು ಹಿಟ್ಟು ಬೇ!"

"ಹಿಟ್ಟಾದ್ರ ನೀವ್ಯಾಕ ಇಷ್ಟು ನಡಗ್ಲಕತ್ತೀರಿ?"

ಸೇಠ್ ಕಣ್ಣು ಎತ್ತಿದ. ಮೊದಲ ಸಲ ಅವಳನ್ನು ನೋಡಿದ. "ಏನು ಬೇಕಂತೆ ಇವಳಿಗೆ? ಕೊಟ್ಟುಬಿಡಿ," ಎಂದು ಮಗನಿಗೆ ಹೇಳಿದ. ಅವನಿಗೆ ಗೊತ್ತಿದ್ದ ಮಂತ್ರ ಅದೊಂದೇ.

ಭಟ್ಟರು ಕೈಗೆ ಹಾಕಿದ್ದ ನೀರನ್ನು ಚನಬಸವ್ವ ನೆಲಕ್ಕೆ ಚೆಲ್ಲಿದಳು. ಸೆರಗು ಬಿಚ್ಚಿ ಹಿಟ್ಟಿನ ಗೊಂಬೆಯನ್ನು ಎರಡೂ ಕೈಯಿಂದ ಎತ್ತಿ, ಹಾಲು ಕುಡಿಯುವ ಕೂಸನ್ನು ಎತ್ತುವ ಹಾಗೆ ಎತ್ತಿ, ಉಡಿಯಲ್ಲಿ ಹಾಕಿಕೊಂಡಳು.

"ಹೋಗು ಅನ್ನಂಗಿಲ್ಲ ನಾ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿತ್ತು. "ಒಮ್ಮಿ ಸುಟ್ರಿ. ನಂಗ ಮಾರಿ ತೋರಸಲಾರ್ದಂಗ ಸುಟ್ರಿ. ಎರಡನೇ ಸಲ ಸುಡಾಕ ಕೊಡಂಗಿಲ್ಲ. ಇವ ನನ್ನ ಗಂಡ ಅಂತ ನೀವs ಅಂದೀರಿ. ನನ್ನ ಗಂಡನ್ನ ನಾ ಒಯ್ತೀನಿ."

ಉತ್ಕರ್ಷ ಏನೋ ಕೂಗಿದ. ಶ್ರೀಮಂತ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಊರ ಕಡೆಯವ, ಮುಕಾದಮ ಎಂದು, ಅವನು ಎದುರು ನಿಂತರೆ ಅವಳು ಕಣ್ಣೆತ್ತದೆ ಮಾತಾಡಿದ್ದಳು ಇಷ್ಟು ವರ್ಷ.

"ಹಿಂದಕ ಸರೀಲೇ ಶ್ರೀಮಂತ," ಎಂದಳು. "ಹಲಗಿ ತೆಗಿಸಿದಾವ ನೀನು. ನನ್ನ ಟೆಂಪೋದಾಗ ಹಾಕಿದಾವ ನೀನು. ಸರಿ, ಇಲ್ಲಂದ್ರ ಇವನ್ನ ನಿನ್ನ ಮೈಮ್ಯಾಲ ಒಗೀತೀನಿ."

ಅವನು ಹಾವು ಕಂಡವನಂತೆ ಹಿಂದೆ ಸರಿದ. ಯಾರೂ ಮುಟ್ಟಲಿಲ್ಲ. ಮುಟ್ಟುವ ಧೈರ್ಯ ಯಾರಿಗಿದೆ? ಅರ್ಧಕ್ಕೆ ನಿಂತ ಪೂಜೆಯ ಹೆಣ ಅದು. ಪ್ರಿಯಾ ತಾಯಿಯ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದಳು.

ಜೀಪಿನಲ್ಲಿ ಜನ ಒತ್ತಿಕೊಂಡು ಕೂತಿದ್ದರು. ಉಡಿಯಲ್ಲಿ ಏನು ಎಂದು ಒಬ್ಬ ಮುದುಕಿ ಕೇಳಿದಳು. "ಮನೆಯವರು," ಎಂದಳು ಚನಬಸವ್ವ ಮರಾಠಿಯಲ್ಲಿ. ಮುದುಕಿ ಸ್ವಲ್ಪ ಸರಿದು ಜಾಗ ಬಿಟ್ಟಳು. ದಾರಿಯುದ್ದಕ್ಕೂ ಹಿಟ್ಟಿನ ತಣ್ಣನೆ ಭಾರ ಹೊಟ್ಟೆಗೆ ತಾಗುತ್ತಿತ್ತು. ಆಮೇಲೆ ಅವಳ ಮೈಯ ಬಿಸಿಗೆ ಅದೂ ಬೆಚ್ಚಗಾಯಿತು. ಅವಳಿಗೆ ಆಗ ಅಳು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಪ್ರಿಯಾ ತಾಯಿಯ ಉಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಸತ್ತ ಅಪ್ಪನನ್ನು ಅವಳೂ ಮುಟ್ಟಿರಲಿಲ್ಲವಲ್ಲ.

ಟವರಿನ ಮುಂದೆ ಹಸಿರು ಹುಲ್ಲಿನ ಹಾಸು. ಅದರ ಮೇಲೆ ಕಾಲಿಡಬಾರದು ಎಂದು ಬೋರ್ಡು. ಮೂರು ಗಂಟೆಯ ಬಿಸಿಲು. ಗೇಟಿನಲ್ಲಿ ವಾಚ್‌ಮನ್ ಶಿವಕಾಂತ ಇದ್ದ. ಬೀದರ ಕಡೆಯವನು.

"ಯಕ್ಕಾ, ಇವತ್ತು ನಿನ್ನ ರಜಾ ಅಲ್ಲಾ?"

ಅವಳು ನೇರ ಹೋಗಿ ಹುಲ್ಲಿನ ನಟ್ಟನಡುವೆ ಕೂತಳು. ಗೊಂಬೆಯನ್ನು ಪ್ರಿಯಾಳ ತೊಡೆಯ ಮೇಲೆ ಮಲಗಿಸಿದಳು. ಕೈಯಿಂದ ಹುಲ್ಲು ಕಿತ್ತಳು. ಮಣ್ಣು ಅಗೆದಳು. ಮೇಲೆ ಮೆತ್ತಗಿದ್ದದ್ದು ತಂದು ಹಾಸಿದ ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಜಲ್ಲಿ, ಸಿಮೆಂಟಿನ ಹೆಂಟೆ. ಅವಳೂ ಅವಳ ಜೊತೆಯವರೂ ಹೊತ್ತು ಹಾಕಿದ್ದು. ಉಗುರು ಮುರಿದು ರಕ್ತ ಬಂತು. ಅವಳು ನಿಲ್ಲಿಸಲಿಲ್ಲ.

"ಯಕ್ಕಾ, ಏನ್ ಮಾಡ್ಲಕತ್ತೀ? ನನ್ನ ನೌಕರಿ ಹೋಗ್ತದ!" ಶಿವಕಾಂತ ಓಡಿ ಬಂದ.

"ಗಂಡಗ ಮಣ್ಣ ಕೊಡ್ಲಕತ್ತೀನಪ್ಪ. ಈ ಲಿಫ್ಟಿನ ಬಾವ್ಯಾಗ ಬಿದ್ದು ಸತ್ತಾನಲ್ಲ, ಮಾಳಪ್ಪ. ಅವಂದು."

ಶಿವಕಾಂತ ಅವಳನ್ನು ನೋಡಿದ. ತೊಡೆಯ ಮೇಲಿನ ಗೊಂಬೆಯನ್ನು ನೋಡಿದ. ಗೇಟಿಗೆ ಹಿಂತಿರುಗಿ ಬೆನ್ನು ಮಾಡಿ ನಿಂತ.

ಕುಳಿಯಲ್ಲಿ ಇಡುವ ಮೊದಲು ಅವಳು ಒಂದು ಕೆಲಸ ಮಾಡಿದಳು. ಗೊಂಬೆಯ ಎಡಗಾಲಿನಿಂದ ಒಂದು ಚಿವುಟು ಹಿಟ್ಟು ತೆಗೆದು, ಉಂಡೆ ಮಾಡಿ, ಬಲ ಹೆಗಲಿಗೆ ಮೆತ್ತಿದಳು. ಹೆಬ್ಬೆರಳಿಂದ ಒತ್ತಿದಳು. ಹಲಗೆ ಕೂತ ಗಂಟು. ಈಗ ಅವನಾದ. ಮಲಗಿಸಿ ಮಣ್ಣು ಎಳೆದಳು. ಪ್ರಿಯಾ ಹಿಡಿ ಮಣ್ಣು ಹಾಕಿ, "ಅಪ್ಪಾ," ಎಂದಳು. ಅಷ್ಟು ಕನ್ನಡಕ್ಕೆ ಮರಾಠಿ ಬೇಕಾಗಲಿಲ್ಲ.

ಚನಬಸವ್ವ ಸೊಂಟದ ಚೀಲದಿಂದ ಬುತ್ತಿ ತೆಗೆದಳು. ಜೋಳದ ರೊಟ್ಟಿ. ಶೇಂಗಾ ಹಿಂಡಿ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಜಜ್ಜಿದಳು. ಒಂದು ಬೀಡಿ. ಒಂದೆಳೆ ವಿಭೂತಿ. ಎಡೆ ಇಟ್ಟಳು. ಹಾಡಹಗಲು, ಎಲ್ಲರ ಕಣ್ಣೆದುರು.

ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ತನ್ಮಯ ಕನ್ನಡಿ ಲಿಫ್ಟಿನಲ್ಲಿ ಇಳಿದು ಬಂದ. ಎಡೆ ನೋಡಿ ಅವನ ಮುಖ ಬಿಳುಚಿತು. "ಇವಳೇ! ಅದನ್ನೆಲ್ಲ ಇಡುತ್ತಿದ್ದವಳು ಇವಳೇ!"

"ಹೌದು ಸಾಹೇಬ, ನಾನೇ," ಎಂದಳು ಅವಳು, ತನಗೆ ಬರುವ ಮರಾಠಿಯಲ್ಲಿ. "ಮಾಟ ಅಲ್ಲ. ನನ್ನ ಗಂಡನ ಊಟ. ನಿಮ್ಮ ಮನೆ ಕಟ್ಟಿದವನು. ನಿಮ್ಮ ಬಾಗಿಲಲ್ಲಿ ಬಿದ್ದು ಸತ್ತ. ಕಳ್ಳ ಅಂತ ಬರೆದಿದ್ದಾರೆ."

ಯಾರೋ ಪೊಲೀಸರಿಗೂ ಸೇಠ್‌ಗೂ ಫೋನು ಮಾಡಿದ್ದರು. ಜೀಪು ಬಂತು. ಅಗೆದು ತೆಗೆಸಿ ಎಂದು ಯಾರೋ ಕೂಗಿದರು. ಮಾಲಿಯನ್ನು ಕರೆದರು. ಮಾಲಿ ಗುದ್ದಲಿ ಕೆಳಗೆ ಹಾಕಿ, ಗೋರಿ ಮುಟ್ಟೋದಿಲ್ಲ ಸಾಬ್ ಎಂದ. ಇನ್ಸ್‌ಪೆಕ್ಟರ್ ಸುತ್ತ ನೋಡಿದ. ಗುದ್ದಲಿ ಎತ್ತಲು ಮಾಲೀಕರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಪಕ್ಕದ ಹೊಸ ಸೈಟಿನ ತಟ್ಟಿ ಬೇಲಿಯ ಆಚೆ ಕೂಲಿಯವರು ಸಾಲಾಗಿ ನಿಂತು ನೋಡುತ್ತಿದ್ದರು.

"ತೆಗಸ್ರಿ ಸಾಹೇಬ್ರ," ಎಂದಳು ಚನಬಸವ್ವ. "ತೆಗೆಯೋ ಮುಂದ ಯಾರನ್ನ ತೆಗೀಲಕತ್ತೀರಿ ಅಂತ ಹೆಸರು ಬರದು ತೆಗೀರಿ. ಇವಗ ಮಾಳಪ್ಪ ಅಂತ ಹೆಸರಿಟ್ಟಾಂವ ಸೇಠ್. ಇವತ್ತು ಮುಂಜಾನಿ."

ಪ್ರಿಯಾ ಎದ್ದು ನಿಂತು, ಆ ಮಾತನ್ನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಅಷ್ಟರಲ್ಲಿ ಸೇಠ್‌ನ ಕಾರು ಬಂತು. ಅವನು ಗಾಬರಿಯಲ್ಲಿ ಬಟ್ಟೆಯನ್ನೂ ಬದಲಿಸಿರಲಿಲ್ಲ. ಒದ್ದೆ ಧೋತರ. ಬೋಳು ತಲೆ. ಮೀಸೆಯಿಲ್ಲದ ತುಟಿ. ಬಿಸಿಲಿಗೆ ಇಳಿದು ನಿಂತವನನ್ನು ನೋಡಿ ಗದ್ದಲವೆಲ್ಲ ಒಮ್ಮೆಗೇ ಅಡಗಿತು. ಆ ವೇಷ ಯಾವುದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ತನ್ಮಯ ಗೌರವದಿಂದ ಚಪ್ಪಲಿ ಬಿಟ್ಟು ಹತ್ತಿರ ಹೋದ. ಕೈ ಮುಗಿದ.

"ಸೇಠ್‌ಜಿ, ನಮಗೆ ಗೊತ್ತೇ ಆಗಲಿಲ್ಲ," ಎಂದ. "ಮನೆಯಲ್ಲಿ ಯಾರು ತೀರಿಕೊಂಡರು?"

ಸೇಠ್ ಬಾಯಿ ತೆರೆದ. ಇನ್ಸ್‌ಪೆಕ್ಟರ್ ಅವನನ್ನೇ ನೋಡುತ್ತಿದ್ದ. ಬಾಲ್ಕನಿಗಳು ನೋಡುತ್ತಿದ್ದವು. ಬೇಲಿಯ ಆಚೆಯ ಕೂಲಿಯವರು ನೋಡುತ್ತಿದ್ದರು. ಗೇಟಿನಿಂದ ಶಿವಕಾಂತ ಬಂದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಒಂದು ಹಿಡಿ ಮಣ್ಣು ಹಾಕಿ ಹೋದ. ಎಲ್ಲೋ ಒಳಗೆ, ಗೋಡೆಗಳ ಆಚೆ, ಟಕ್ ಟಕ್ ಎಂದು ಸದ್ದಾಯಿತು.

ಚನಬಸವ್ವ ಗೋರಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಳು. ರೊಟ್ಟಿಯ ಮೇಲೆ ಕೂರಲು ಬಂದ ನೊಣವನ್ನು ಸೆರಗಿನಿಂದ ಓಡಿಸಿದಳು. ಸೇಠ್‌ನ ಬಾಯಿ ತೆರೆದೇ ಇತ್ತು. ಅವಳು ಕಾಯತೊಡಗಿದಳು. ಈಗ ಹೇಳಬೇಕಾದವನು ಅವನು.